'ವರ್ಟಿಗೋ'ದ ಹಸಿರು, ಗ್ರೇನ್ ಮತ್ತು ಗುಂಡಿನ ಸದ್ದು: ಹೊಸ ಡಿಸ್ಕನ್ನು ಎಷ್ಟು ನಂಬಬಹುದು?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಾವು ಕೆಲವು ಗೆಳೆಯರು ಆಗಾಗ ಒಬ್ಬರ ಮನೆಯಲ್ಲಿ ಸೇರಿ ಹಳೆಯ ಚಿತ್ರಗಳನ್ನು ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಆಲ್‌ಫ್ರೆಡ್ ಹಿಚ್‌ಕಾಕ್ ಅವರ 'ವರ್ಟಿಗೋ' ನನ್ನ ಬಳಿ ಹಳೆಯ ಡಿವಿಡಿಯಲ್ಲಿತ್ತು. ಈಗ ದುಬೈನಲ್ಲಿರುವ ಭಾವ ಅದರ 4ಕೆ ಡಿಸ್ಕನ್ನು ತಂದುಕೊಟ್ಟಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಹಾಕಿ ನೋಡಿದರೆ ಹಸಿರು, ಕೆಂಪು ಎರಡೂ ಬೇರೆಯಾಗಿ ಕಾಣುತ್ತವೆ. ಹೊಸದರಲ್ಲಿ ಗೋಡೆ, ಆಕಾಶಗಳ ಮೇಲೆ ಸಣ್ಣ ಕಣಗಳು ಓಡಾಡುತ್ತವೆ, ಕಾರಿನ ದೃಶ್ಯಗಳ ಹಿನ್ನೆಲೆ ಮಸುಕಾಗಿದೆ, ಸ್ಮಶಾನದ ದೃಶ್ಯವಂತೂ ಲೆನ್ಸ್ ಒರೆಸದೆ ತೆಗೆದಂತಿದೆ. ಗುಂಡಿನ ಸದ್ದು ಈಗಿನ ಚಿತ್ರಗಳಲ್ಲಿ ಕೇಳಿಸುವಂತಿದೆ. ಇದು ಡಿಸ್ಕಿನ ದೋಷವೋ, ಟಿ.ವಿ.ಯ ದೋಷವೋ? ನಿರ್ದೇಶಕರು ಮಾಡಿದ ಚಿತ್ರ ಇವೆರಡರಲ್ಲಿ ಯಾವುದು? ನಮ್ಮ ಕಡಲಬದಿಯ ತೇವದಲ್ಲಿ ಇಂಥ ಡಿಸ್ಕನ್ನು ಕಾಪಾಡುವುದು ಹೇಗೆ, ಹಳೆಯ ಡಿವಿಡಿಯನ್ನು ಎಸೆಯಬಹುದೆ ಎಂಬುದನ್ನೂ ತಿಳಿಸಿ.

ಉತ್ತರ: ನೀವು ವಿವರಿಸಿರುವುದರಲ್ಲಿ ಡಿಸ್ಕಿನ ದೋಷವೆನ್ನಬಹುದಾದದ್ದು ಒಂದೂ ಇಲ್ಲ. ಬಣ್ಣದ ವ್ಯತ್ಯಾಸಕ್ಕೆ ಬಹುಪಾಲು ಹಳೆಯ ಡಿವಿಡಿ ಕಾರಣ, ಸ್ವಲ್ಪ ಪಾಲು ನಿಮ್ಮ ಟಿ.ವಿ. ಕಾರಣವಿರಬಹುದು. ಕಣಗಳು ಚಿತ್ರದವೇ. ಕಾರಿನ ದೃಶ್ಯಗಳ ಮಸುಕೂ ಸ್ಮಶಾನದ ಮಂಜೂ 1958ರಿಂದಲೇ ಅಲ್ಲಿವೆ. ಗುಂಡಿನ ಸದ್ದು ಮಾತ್ರ ನಿಜಕ್ಕೂ ಹೊಸದು, ಆ ವಿಷಯದಲ್ಲಿ ನಿಮ್ಮ ಕಿವಿ ಹೇಳಿದ್ದೇ ಸರಿ. ಆದ್ದರಿಂದ ಚಿತ್ರದ ಮಟ್ಟಿಗೆ ಹೊಸ ಡಿಸ್ಕನ್ನು ನಂಬಿ, ಸದ್ದಿನ ಮಟ್ಟಿಗೆ ಹಳೆಯ ಮೊನೊ (ಎಲ್ಲ ಸದ್ದೂ ಒಂದೇ ವಾಹಿನಿಯಲ್ಲಿ ಬರುವ) ಟ್ರ್ಯಾಕನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಇದಕ್ಕೆ ಕಾರಣಗಳನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ನಿಮ್ಮ ಬಳಗದಲ್ಲಿ ಈ ಚಿತ್ರವನ್ನು ಮೊದಲ ಬಾರಿ ನೋಡುವವರು ಇರಬಹುದಾದ್ದರಿಂದ ಕಥೆಯ ಗುಟ್ಟನ್ನು ಇಲ್ಲಿ ಬಿಡಿಸುವುದಿಲ್ಲ.

ನೆಗೆಟಿವ್‌ನಿಂದಲೇ ಆರಂಭಿಸೋಣ. 'ವರ್ಟಿಗೋ' ಚಿತ್ರೀಕರಣವಾದದ್ದು ಪ್ಯಾರಾಮೌಂಟ್ ಸಂಸ್ಥೆಯು 1954ರಲ್ಲಿ ಬಳಕೆಗೆ ತಂದ ವಿಸ್ಟಾವಿಷನ್ ಎಂಬ ಪದ್ಧತಿಯಲ್ಲಿ. ಸಾಮಾನ್ಯ ಕ್ಯಾಮೆರಾದಲ್ಲಿ 35 ಎಂಎಂ ಫಿಲ್ಮ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಒಂದೊಂದು ಫ್ರೇಮಿಗೆ ಫಿಲ್ಮಿನ ಅಂಚಿನ ನಾಲ್ಕು ರಂಧ್ರಗಳಷ್ಟು ಜಾಗ ಸಿಗುತ್ತದೆ. ವಿಸ್ಟಾವಿಷನ್‌ನಲ್ಲಿ ಅದೇ ಫಿಲ್ಮ್ ಅಡ್ಡಲಾಗಿ ಓಡುತ್ತದೆ, ಒಂದು ಫ್ರೇಮಿಗೆ ಎಂಟು ರಂಧ್ರಗಳಷ್ಟು ಜಾಗ ಸಿಗುತ್ತದೆ. ಹೀಗೆ ಚಿತ್ರ ಮೂಡುವ ಜಾಗವು ಸಾಮಾನ್ಯ ಅಗಲತೆರೆಯ ಚಿತ್ರಕ್ಕೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್ ಈ ಪದ್ಧತಿಯಲ್ಲಿ ಹಿಡಿದಿಟ್ಟ ವಿವರದಲ್ಲಿ ಡಿವಿಡಿಗೆ ದಕ್ಕಿದ್ದು ಅತ್ಯಲ್ಪ. ಡಿವಿಡಿಯ ಒಂದು ಫ್ರೇಮಿನಲ್ಲಿ ಹೆಚ್ಚೆಂದರೆ ನಾಲ್ಕು ಲಕ್ಷ ಚಿಲ್ಲರೆ ಬಿಂದುಗಳಿರುತ್ತವೆ, 4ಕೆ ಡಿಸ್ಕಿನಲ್ಲಿ ಸುಮಾರು 83 ಲಕ್ಷ. ನಿಮಗೆ ಹೊಸದಾಗಿ ಕಾಣಿಸಿದ್ದರಲ್ಲಿ ಹೆಚ್ಚಿನವು ಮೊದಲೂ ಅಲ್ಲೇ ಇದ್ದವು, ಡಿವಿಡಿಯ ಜರಡಿಯಲ್ಲಿ ಹಾದು ಬರಲಿಲ್ಲ ಅಷ್ಟೆ.

ಬಣ್ಣದ ಮಾತು ಇಷ್ಟು ಸರಳವಲ್ಲ, ಏಕೆಂದರೆ ಈ ಚಿತ್ರದಲ್ಲಿ ಬಣ್ಣವೇ ಅರ್ಧ ಕಥೆ. ಎತ್ತರಕ್ಕೆ ಹೆದರುವ ನಿವೃತ್ತ ಪತ್ತೇದಾರನೊಬ್ಬ, ಗೆಳೆಯನ ಮಾತಿನಂತೆ ಆತನ ಹೆಂಡತಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಹಿಂಬಾಲಿಸುತ್ತಾನೆ. ಹಿಂಬಾಲಿಸುತ್ತ ಅವಳ ಗೀಳಿಗೆ ಬೀಳುತ್ತಾನೆ. ಜೇಮ್ಸ್ ಸ್ಟೂವರ್ಟ್ ಮೊದಲ ಬಾರಿಗೆ ಕಿಮ್ ನೊವಾಕ್‌ರನ್ನು ಕಾಣುವ ಭೋಜನಶಾಲೆಯ ಗೋಡೆಗಳು ಕಡುಗೆಂಪು, ಆಕೆ ಹೊದ್ದಿರುವುದು ಹಸಿರು. ಆಕೆ ಸಮೀಪ ಬಂದು ಪಕ್ಕಕ್ಕೆ ಮುಖ ತಿರುಗಿಸಿ ನಿಂತ ಕ್ಷಣದಲ್ಲಿ ಹಿಂದಿನ ಕೆಂಪು ಗೋಡೆ ಥಟ್ಟನೆ ಹೊಳಪೇರುತ್ತದೆ. ಅದು ಬೇಕೆಂದೇ ಏರಿಸಿದ ಬೆಳಕು. ಅಲ್ಲಿಂದ ಮುಂದೆ ಆಕೆಯ ಕಾರು ಹಸಿರು, ಚಿತ್ರದ ಕೊನೆಯ ಭಾಗದ ಹೋಟೆಲ್ ಕೋಣೆಯ ಕಿಟಕಿಯಾಚೆ ಉರಿಯುವ ನಿಯಾನ್ ಫಲಕವೂ ಹಸಿರು. ಆ ಹೋಟೆಲನ್ನು ಆರಿಸಿಕೊಂಡದ್ದೇ ಅದರ ಹಸಿರು ಫಲಕಕ್ಕಾಗಿ ಎಂದು ಹಿಚ್‌ಕಾಕ್ ಅವರೇ ಫ್ರಾನ್ಸಿನ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ಹೇಳಿದ್ದಾರೆ. ನಿಮಗೆ ಒರೆಸದ ಲೆನ್ಸಿನಂತೆ ತೋರಿದ ಸ್ಮಶಾನದ ದೃಶ್ಯದ ವಿವರಣೆಯೂ ಅದೇ ಮಾತುಕತೆಯಲ್ಲಿದೆ: ಅಲ್ಲಿ ಫಾಗ್ ಫಿಲ್ಟರ್ ಹಾಕಿ ಚಿತ್ರೀಕರಿಸಿದ್ದಾರೆ, ಬಿಸಿಲಿನ ಮೇಲೆ ಹಸಿರು ಛಾಯೆಯ ಮಂಜು ಕವಿದಂತೆ ಕಂಡು ಆಕೆ ಕನಸಿನವಳಂತೆ ತೋರಲಿ ಎಂಬ ಉದ್ದೇಶದಿಂದ. ಹಳೆಯ ಡಿಸ್ಕಿನಲ್ಲಿ ಇಡೀ ಚಿತ್ರವೇ ಒಂದಿಷ್ಟು ಮಸುಕಾಗಿರುವುದರಿಂದ ಈ ಒಂದು ದೃಶ್ಯದ ಮಸುಕು ಬೇರೆಯಾಗಿ ಎದ್ದು ಕಾಣುವುದಿಲ್ಲ. ಉಳಿದ ದೃಶ್ಯಗಳು ಸ್ಪಷ್ಟವಾದ ಮೇಲಷ್ಟೇ ಇದು ಬೇಕೆಂದು ಮಾಡಿದ್ದು ಎಂಬುದು ಗೊತ್ತಾಗುತ್ತದೆ. ನೊವಾಕ್‌ರಿಗಾಗಿ ಎಡಿತ್ ಹೆಡ್ ವಿನ್ಯಾಸ ಮಾಡಿದ ಬೂದು ಬಣ್ಣದ ಸೂಟಿನ ಮಾತೂ ಹೀಗೆಯೇ. ಆ ಬೂದು ನೀಲಿಗೆ ತಿರುಗಿದರೂ ಕಂದಿಗೆ ತಿರುಗಿದರೂ ಮಂಜಿನಿಂದ ಎದ್ದು ಬಂದಂತೆ ಕಾಣಬೇಕಾದ ಹೆಣ್ಣು ಕಚೇರಿಗೆ ಹೊರಟವಳಂತೆ ಕಾಣುತ್ತಾಳೆ.

ಇಷ್ಟು ಸೂಕ್ಷ್ಮವಾಗಿ ಹೆಣೆದ ಬಣ್ಣಗಳು ನಿಂತಿದ್ದದ್ದು ಈಸ್ಟ್‌ಮನ್ ಕಲರ್ ನೆಗೆಟಿವ್ ಮೇಲೆ, ಮತ್ತು ಆ ಕಾಲದ ಆ ನೆಗೆಟಿವ್ ಬಾಳಿಕೆಯ ವಸ್ತುವಲ್ಲ. ಬಣ್ಣದ ನೆಗೆಟಿವ್‌ನಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣದ ಪದರಗಳಿರುತ್ತವೆ. 'ವರ್ಟಿಗೋ' ನೆಗೆಟಿವ್‌ನಲ್ಲಿ ಹೆಚ್ಚು ಮಾಸಿದ್ದು ಹಳದಿ ಪದರ, ಅಂದರೆ ದೃಶ್ಯದಲ್ಲಿನ ನೀಲಿಯ ಲೆಕ್ಕವನ್ನು ಹಿಡಿದಿಡುವ ಪದರ. ಮಾಸುವಿಕೆ ಚಿತ್ರದ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿ ಆಗಿದ್ದರೆ ಪ್ರಿಂಟ್ ಹಾಕುವಾಗ ಬೆಳಕನ್ನು ಹೊಂದಿಸಿ ಸರಿಪಡಿಸಬಹುದಿತ್ತು. ಆದರೆ ಬಣ್ಣ ದಟ್ಟವಾಗಿದ್ದಲ್ಲಿ ಹೆಚ್ಚು, ತೆಳುವಾಗಿದ್ದಲ್ಲಿ ಕಡಿಮೆ ಮಾಸುವುದರಿಂದ, ಬೆಳಕು ಬಿದ್ದ ಮುಖಗಳು ಹಳದಿಗೆ ತಿರುಗಿದರೆ ನೆರಳುಗಳು ನೀಲಿಗೆ ಜಾರುತ್ತವೆ. ಮುಖವನ್ನು ಸರಿಮಾಡಲು ಹೋದರೆ ನೆರಳು ಇನ್ನಷ್ಟು ನೀಲಿಯಾಗುತ್ತದೆ, ನೆರಳನ್ನು ಕಪ್ಪಾಗಿಸಲು ಹೋದರೆ ಮುಖಕ್ಕೆ ಕಾಮಾಲೆ ಹತ್ತುತ್ತದೆ. ನಿಮ್ಮ ಹಳೆಯ ಡಿವಿಡಿಯಲ್ಲಿ ಕಪ್ಪು ಕೋಟುಗಳು ನೀಲಿ ಮಿಶ್ರಿತವಾಗಿ ಕಂಡಿದ್ದರೆ ಈ ರೋಗದ ಪಳೆಯುಳಿಕೆ ಅದರಲ್ಲಿದೆ ಎಂದು ತಿಳಿಯಬಹುದು.

ಇದಕ್ಕೆ ಚಿತ್ರದ ಒಡೆತನದ ಇತಿಹಾಸವೂ ಒಂದಿಷ್ಟು ಕಾರಣ. ಒಪ್ಪಂದದ ಪ್ರಕಾರ ಹಿಚ್‌ಕಾಕ್ ಅವರಿಗೆ ಮರಳಿ ಬಂದ ಐದು ಚಿತ್ರಗಳಲ್ಲಿ ಇದೂ ಒಂದು. ಸುಮಾರು ಹತ್ತು ವರ್ಷ ಅವು ಪ್ರದರ್ಶನಕ್ಕೆ ಸಿಗಲಿಲ್ಲ. 1980ರಲ್ಲಿ ಅವರು ತೀರಿಕೊಂಡ ಮೇಲೆ, 1983-84ರಲ್ಲಿ ಯೂನಿವರ್ಸಲ್ ಸಂಸ್ಥೆ ಅವುಗಳನ್ನು ಮತ್ತೆ ಬಿಡುಗಡೆ ಮಾಡಿತು. ಬಣ್ಣದ ನೆಗೆಟಿವ್ ದೀರ್ಘಕಾಲ ಉಳಿಯಬೇಕಾದರೆ ಸೊನ್ನೆ ಡಿಗ್ರಿಯ ಆಸುಪಾಸಿನ ತಂಪು, ಶೇಕಡ 30ರ ಆಸುಪಾಸಿನ ತೇವಾಂಶ ಬೇಕು. ಅಂಥ ಆರೈಕೆ ಅದಕ್ಕೆ ಸಿಕ್ಕಿರಲಿಲ್ಲ.

ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕ್ಯಾಟ್ಜ್ ಇದರ ಪುನರುಜ್ಜೀವನಕ್ಕೆ ಕೈಹಾಕಿ ಸುಮಾರು ಎರಡು ವರ್ಷ ದುಡಿದರು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಖರ್ಚಾಯಿತು. 1996ರ ಅಕ್ಟೋಬರಿನಲ್ಲಿ 70 ಎಂಎಂ ಪ್ರಿಂಟುಗಳಲ್ಲಿ ಚಿತ್ರ ಮತ್ತೆ ತೆರೆಗೆ ಬಂತು. ವಿಸ್ಟಾವಿಷನ್‌ನ ದೊಡ್ಡ ಫ್ರೇಮಿನ ವಿವರ ಕರಗಿಹೋಗಬಾರದೆಂದು ಅಷ್ಟೇ ದೊಡ್ಡ ಫಿಲ್ಮಿಗೆ ಅದನ್ನು ವರ್ಗಾಯಿಸಿದ್ದು ಬಹಳ ಸರಿಯಾದ ತೀರ್ಮಾನ. ಆ ಕೆಲಸ ಬಹುಮಟ್ಟಿಗೆ ರಾಸಾಯನಿಕ ವಿಧಾನದಲ್ಲಿ, ಲ್ಯಾಬಿನಲ್ಲಿ ನಡೆಯಿತು. ಮುಖಕ್ಕೊಂದು ಲೆಕ್ಕ, ನೆರಳಿಗೊಂದು ಲೆಕ್ಕ ಹಾಕಿ ಬಣ್ಣ ಹೊಂದಿಸುವ ಅನುಕೂಲ ಲ್ಯಾಬಿನ ಪ್ರಿಂಟರಿಗೆ ಇಲ್ಲ. ಡಿಜಿಟಲ್ ಸಲಕರಣೆಗೆ ಅದು ಉಂಟು. ಮೊದಮೊದಲ ಡಿವಿಡಿ 1996ರ ಕೆಲಸದ ಮೇಲೆಯೇ ನಿಂತದ್ದು. 2012ರ ಬ್ಲೂ-ರೇ, 2020ರ 4ಕೆ ಡಿಸ್ಕುಗಳು ಬರುವ ಹೊತ್ತಿಗೆ ಸಲಕರಣೆಗಳೇ ಬದಲಾಗಿದ್ದವು. ಎರಡು ಡಿಸ್ಕುಗಳ ಮುಖವರ್ಣ ಬೇರೆಯಾಗಿ ಕಾಣುವುದಕ್ಕೆ ಇದೊಂದು ಕಾರಣ.

ಇಲ್ಲಿ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇವೆ: ಮಾಸಿದ ನೆಗೆಟಿವ್ ನೋಡಿ ಮೂಲದ ಹಸಿರು ಇಂಥದೇ ಎಂದು ಹೇಳುವುದು ಹೇಗೆ? ಸಾಕ್ಷ್ಯ ಕಲೆಹಾಕಿಯೇ ಹೇಳಬೇಕು. ಕಿಮ್ ನೊವಾಕ್ ಓಡಿಸುವ ಹಸಿರು ಜಾಗ್ವಾರ್ ಕಾರಿನ ಬಣ್ಣವನ್ನು ಹೊಂದಿಸಲು ಆ ಕಾರು ಸಂಸ್ಥೆಯಿಂದಲೇ ಬಣ್ಣದ ಮಾದರಿ ಪಡೆದದ್ದು 1996ರ ಕೆಲಸದ ಹೆಸರಾಂತ ಪ್ರಸಂಗ. ಆ ಒಂದು ಹಸಿರು ಖಚಿತವಾದರೆ ಅದೇ ದೃಶ್ಯದ ಮುಖ, ಕಟ್ಟಡ, ರಸ್ತೆಗಳ ಬಣ್ಣವನ್ನು ಅದರ ಜೊತೆ ತಾಳೆ ನೋಡಬಹುದು. ಎರಡನೆಯ ಸಾಕ್ಷಿ 1958ರ ಟೆಕ್ನಿಕಲರ್ ಪ್ರಿಂಟುಗಳು. ಅವು ಮೂರು ಬಣ್ಣಗಳನ್ನು ಅಚ್ಚಿನಂತೆ ಒಂದರ ಮೇಲೊಂದು ಒತ್ತಿ ತಯಾರಿಸಿದವಾದ್ದರಿಂದ ನೆಗೆಟಿವ್‌ನಷ್ಟು ಬೇಗ ಮಾಸುವುದಿಲ್ಲ. ಆದರೆ ಅವು ಥಿಯೇಟರಿನ ಕಾರ್ಬನ್ ಆರ್ಕ್ ದೀಪದ ಬೆಳಕಿಗೆ ಹೊಂದಿಸಿ ತೆಗೆದ ಪ್ರಿಂಟುಗಳು. ದೀವಟಿಗೆಯ ಬೆಳಕಿಗೆಂದು ಬರೆದುಕೊಂಡ ಯಕ್ಷಗಾನದ ಮುಖವರ್ಣಿಕೆಯನ್ನು ಹ್ಯಾಲೊಜನ್ ದೀಪದ ಕೆಳಗೆ ನೋಡಿದವರಿಗೆ ಇದರ ತೊಡಕು ಕೂಡಲೇ ತಿಳಿಯುತ್ತದೆ: ಬಣ್ಣ ಅದೇ, ಕಾಣುವ ಬಗೆ ಬೇರೆ. ಹಾಗಾಗಿ ಹಳೆಯ ಪ್ರಿಂಟನ್ನು ಕಣ್ಣುಮುಚ್ಚಿ ನಕಲು ಮಾಡಿದರೂ ತಪ್ಪಾಗುತ್ತದೆ. ಉಡುಪು, ಮಾದರಿ, ಪ್ರಿಂಟು ಇವೆಲ್ಲವನ್ನೂ ಮುಂದಿಟ್ಟುಕೊಂಡು ಅನುಭವಿಗಳು ತೀರ್ಮಾನ ಮಾಡಬೇಕಾಗುತ್ತದೆ. ತೀರ್ಮಾನ ಎಂದಮೇಲೆ ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಹೊಸ ಡಿಸ್ಕಿನ ಹಸಿರೇ ವೇದವಾಕ್ಯವೆಂದು ನಾನು ಹೇಳಲಾರೆ. ಆದರೆ ಹಳೆಯ ಡಿವಿಡಿಯ ಹಸಿರಿಗಿಂತ ಅದು ಮೂಲಕ್ಕೆ ಹತ್ತಿರವಾದದ್ದು ಎನ್ನಲು ಹಿಂಜರಿಕೆಯಿಲ್ಲ. ಡಿವಿಡಿಯಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಾದರೆ ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿಯನ್ನು ಹಿಗ್ಗಿಸುವ ವ್ಯವಸ್ಥೆ) ಇರುವ 4ಕೆ ಡಿಸ್ಕಿನಲ್ಲಿ 1,024. ಮಂಜಿನ ತೆಳುಹಸಿರಿನಂಥ ಛಾಯೆಗಳು ಪಟ್ಟೆಪಟ್ಟೆಯಾಗಿ ಒಡೆಯದೆ ನಯವಾಗಿ ಹರಿಯಲು ಇಷ್ಟು ಮೆಟ್ಟಿಲುಗಳು ಬೇಕೇ ಬೇಕು.

ಒಂದು ಗೊಂದಲ ನಮ್ಮಲ್ಲಿ ಮತ್ತೆ ಮತ್ತೆ ಕಾಣುವುದರಿಂದ ಅದನ್ನೂ ಹೇಳಿ ಮುಂದೆ ಹೋಗುತ್ತೇನೆ. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಸಂಭ್ರಮದಿಂದ ನೋಡಿದರು, ನಾನೂ ನೋಡಿದೆ. ಆದರೆ ಕಪ್ಪು-ಬಿಳುಪಿನ ಚಿತ್ರಕ್ಕೆ ಬಣ್ಣ ತುಂಬುವುದು ಅಲಂಕಾರವೇ ಹೊರತು ಪುನರುಜ್ಜೀವನವಲ್ಲ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಷನ್ ಸೇರಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣ ಅಲ್ಲಿ ಕಪ್ಪು-ಬಿಳುಪಾಗಿಯೇ ಉಳಿದಿದೆ. 'ವರ್ಟಿಗೋ' ಮೇಲೆ ನಡೆದದ್ದೂ ಈ ಬಗೆಯ ಕೆಲಸ. ಚಿತ್ರವನ್ನು ಇಂದಿನವರ ಕಣ್ಣಿಗೆ ಹಿಡಿಸುವಂತೆ ಮಾಡುವುದು ಅದರ ಗುರಿಯಾಗಿರಲಿಲ್ಲ.

ಇದನ್ನು ಒಪ್ಪಿದರೆ ಓಡಾಡುವ ಕಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಗ್ರೇನ್. ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳಕು ತಾಗಿದ ಬೆಳ್ಳಿಯ ಲವಣದ ಹರಳುಗಳಿಂದ. ಬಣ್ಣದ ಫಿಲ್ಮಿನಲ್ಲಿ ಸಂಸ್ಕರಣೆಯ ಹೊತ್ತಿಗೆ ಬೆಳ್ಳಿ ಹೊರಟುಹೋಗಿ ಅದರ ಜಾಗದಲ್ಲಿ ಬಣ್ಣದ ಸೂಕ್ಷ್ಮ ಮೋಡಗಳು ಉಳಿಯುತ್ತವೆ. ಒಂದು ಫ್ರೇಮಿನ ಹರಳುಗಳ ಹಂಚಿಕೆ ಮುಂದಿನ ಫ್ರೇಮಿನಲ್ಲಿರುವುದಿಲ್ಲವಾದ್ದರಿಂದ ಸೆಕೆಂಡಿಗೆ 24 ಬಾರಿ ಅದು ಬದಲಾಗುತ್ತ, ಆಕಾಶ, ಗೋಡೆಗಳಂಥ ಸಮತಟ್ಟಾದ ಜಾಗದಲ್ಲಿ ಓಡಾಡಿದಂತೆ ಕಾಣುತ್ತದೆ. ಕಂಪ್ಯೂಟರಿನಿಂದ ಅದನ್ನು ಅಳಿಸಬಹುದು, ಕೆಲವು ಸಂಸ್ಥೆಗಳು ಕೆಲವು ಚಿತ್ರಗಳಲ್ಲಿ ಅಳಿಸಿಯೂ ಇವೆ. ಆದರೆ ಚರ್ಮದ ರಂಧ್ರ, ಉಣ್ಣೆಯ ನೇಯ್ಗೆ, ಕೂದಲಿನ ಎಳೆ ಇವೆಲ್ಲ ಆ ಕಣಗಳಿಂದಲೇ ಮೂಡಿದ್ದಾದ್ದರಿಂದ ಗ್ರೇನ್ ಹೋದಾಗ ಅವೂ ಹೋಗಿ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ನೊವಾಕ್‌ರ ತಲೆಗೂದಲಿನ ಸುರುಳಿಗಂಟನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುವ ದೃಶ್ಯವನ್ನು ನಿಮ್ಮ ಎರಡೂ ಡಿಸ್ಕುಗಳಲ್ಲಿ ನಿಲ್ಲಿಸಿ ನೋಡಿ. ಕಣಗಳಿರುವ ಚಿತ್ರದಲ್ಲಿ ಎಳೆಗಳನ್ನು ಬೇರೆಬೇರೆಯಾಗಿ ಕಾಣಬಹುದು.

ಕಾರಿನ ದೃಶ್ಯಗಳ ಮಸುಕಿಗೆ ಕಾರಣ ಬೇರೆ. ನಟರು ಸ್ಟುಡಿಯೋದೊಳಗೆ ನಿಂತ ಕಾರಿನಲ್ಲಿ ಕುಳಿತಿರುತ್ತಾರೆ, ಮೊದಲೇ ತೆಗೆದ ಬೀದಿಯ ಚಿತ್ರವನ್ನು ಅವರ ಹಿಂದಿನ ತೆರೆಯ ಮೇಲೆ ಓಡಿಸಿ ಎರಡನ್ನೂ ಒಟ್ಟಿಗೆ ಚಿತ್ರೀಕರಿಸುತ್ತಾರೆ. ಹಿನ್ನೆಲೆಯನ್ನು ಎರಡು ಬಾರಿ ಚಿತ್ರೀಕರಿಸಿದಂತಾಗುವುದರಿಂದ ಅದು ಮಂಕಾಗುತ್ತದೆ. ಚರ್ಚಿನ ಗಂಟೆಗೋಪುರವೂ ಇಂಥದೇ: ಸ್ಯಾನ್ ವಾನ್ ಬೌಟಿಸ್ಟಾದ ಆ ಚರ್ಚಿಗೆ ಚಿತ್ರೀಕರಣದ ಹೊತ್ತಿನಲ್ಲಿ ಅಂಥ ಗೋಪುರವೇ ಇರಲಿಲ್ಲ, ಹೊರಗಿನಿಂದ ನೋಡುವಾಗ ನಮಗೆ ಕಾಣುವುದು ಕುಂಚದಿಂದ ಬರೆದು ಸೇರಿಸಿದ ಗೋಪುರ. 4ಕೆಯಲ್ಲಿ ಅದರ ಬಣ್ಣಗಾರಿಕೆ ಸುಳುವಾಗಿ ಗೊತ್ತಾಗುತ್ತದೆ. ಗೋಪುರದ ಮೆಟ್ಟಿಲುಗಳ ನಡುವಿನ ಟೊಳ್ಳು ಕೆಳಕ್ಕೆ ಜಗ್ಗಿದಂತೆ ಕಾಣುವ ಪ್ರಸಿದ್ಧ ಶಾಟ್ ಕ್ಯಾಮೆರಾವನ್ನು ಹಿಂದಕ್ಕೆ ಎಳೆಯುತ್ತ ಅದೇ ವೇಳೆಗೆ ಲೆನ್ಸನ್ನು ಮುಂದಕ್ಕೆ ಜೂಮ್ ಮಾಡಿ ತೆಗೆದದ್ದು. ನಿಜವಾದ ಮೆಟ್ಟಿಲುಗಳಲ್ಲಿ ತೆಗೆಯಲು 50,000 ಡಾಲರ್ ಬೇಕೆಂದಾಗ ಸಣ್ಣ ಮಾದರಿಯೊಂದನ್ನು ಅಡ್ಡ ಮಲಗಿಸಿ 19,000 ಡಾಲರಿನಲ್ಲಿ ಮುಗಿಸಿದ್ದಾಗಿ ಹಿಚ್‌ಕಾಕ್ ಹೇಳಿದ್ದಾರೆ. ಈ ಕೈಚಳಕಗಳ ಹೊಲಿಗೆ ಎದ್ದು ಕಂಡರೂ ಅದನ್ನು ಮುಚ್ಚುವುದು ಪುನರುಜ್ಜೀವನ ಮಾಡುವವರ ಕೆಲಸವಲ್ಲ. ಧೂಳು, ಗೀರು, ಮಾಸಿದ ಬಣ್ಣ ಇವು ಆಮೇಲೆ ಸೇರಿದವು, ತೆಗೆಯಬೇಕು; ಗೋಪುರ ಮೊದಲಿನಿಂದ ಇದ್ದದ್ದು, ಇರಬೇಕು.

ಆದರೆ 1996ರ ತಂಡ ಸದ್ದಿನ ವಿಷಯದಲ್ಲಿ ಇದೇ ನಿಯಮವನ್ನು ಪಾಲಿಸಲಿಲ್ಲ, ನನಗೆ ಅವರ ಮೇಲಿರುವ ತಕರಾರು ಇದೊಂದೇ. 1958ರಲ್ಲಿ ಚಿತ್ರ ಬಿಡುಗಡೆಯಾದದ್ದು ಮೊನೊ ಸದ್ದಿನಲ್ಲಿ. ಬರ್ನಾರ್ಡ್ ಹರ್ಮನ್ ಅವರ ಸಂಗೀತದ ಧ್ವನಿಮುದ್ರಣ ಅಮೆರಿಕದ ವಾದಕರ ಮುಷ್ಕರದಿಂದಾಗಿ ಹೊರದೇಶದಲ್ಲಿ, ಮ್ಯೂರ್ ಮ್ಯಾಥೀಸನ್ ಅವರ ನಿರ್ವಹಣೆಯಲ್ಲಿ ನಡೆಯಿತು: ಮೊದಲು ಲಂಡನ್ನಿನಲ್ಲಿ ಸ್ಟೀರಿಯೋದಲ್ಲಿ, ಅಲ್ಲಿಯ ವಾದಕರೂ ಮುಷ್ಕರದವರ ಪರ ನಿಂತ ಮೇಲೆ ಉಳಿದ ಭಾಗ ವಿಯೆನ್ನಾದಲ್ಲಿ ಮೊನೊದಲ್ಲಿ. ಸಂಗೀತದ ಸ್ಟೀರಿಯೋ ಮುದ್ರಣ ಸಿಕ್ಕಿದ್ದು ಪುನರುಜ್ಜೀವನ ಮಾಡಿದವರಿಗೆ ಭಾಗ್ಯವೂ ಆಯಿತು, ಬಲೆಯೂ ಆಯಿತು. ವಿಶಾಲವಾಗಿ ಹರಡುವ ಆ ಸಂಗೀತದ ಪಕ್ಕದಲ್ಲಿ ಹಳೆಯ ಹೆಜ್ಜೆ ಸದ್ದು, ಬಾಗಿಲ ಸದ್ದು, ಗುಂಡಿನ ಸದ್ದುಗಳು ಸಣಕಲಾಗಿ ಕೇಳುತ್ತವೆಂದು ಅವರು ಆ ಸದ್ದುಗಳನ್ನು ಹೊಸದಾಗಿಯೇ ಮುದ್ರಿಸಿದರು. ಹಿಚ್‌ಕಾಕ್ ಬರೆದಿಟ್ಟಿದ್ದ ಧ್ವನಿ ಟಿಪ್ಪಣಿಗಳನ್ನು ಆಧಾರವಾಗಿ ಇಟ್ಟುಕೊಂಡದ್ದು ನಿಜ. ಯಾವ ಸದ್ದು ಎಲ್ಲಿ ಬೇಕೆಂಬುದು ಆ ಟಿಪ್ಪಣಿಗಳಿಂದ ತಿಳಿಯುತ್ತದೆ, ಅದರ ಮೈಕಟ್ಟು ತಿಳಿಯುವುದಿಲ್ಲ. ಚಿತ್ರದ ಆರಂಭದಲ್ಲೇ, ಮಾಡುಗಳ ಮೇಲೆ ಓಟ ನಡೆಯುವಾಗ ಸಿಡಿಯುವ ಗುಂಡುಗಳು ಕೋಣೆಯ ಮೂಲೆಮೂಲೆಗಳಿಂದ ಕೇಳಿಸಿ ನೋಡುವವನನ್ನು ಬೆಚ್ಚಿಬೀಳಿಸುತ್ತವೆ. ಆ ದೃಶ್ಯದ ಭಯವಿರುವುದು ಗುಂಡಿನಲ್ಲಲ್ಲ, ಮಾಡಿನ ಅಂಚಿನಲ್ಲಿ ಜೋತುಬಿದ್ದವನ ಕಾಲಕೆಳಗಿನ ಆಳದಲ್ಲಿ. ಮೂಲ ಮೊನೊ ಟ್ರ್ಯಾಕಿನಲ್ಲಿ ಗುಂಡು ತನ್ನ ಅಳತೆಯಲ್ಲಿರುತ್ತದೆ. 1996ರಲ್ಲಿಯೇ ಹಲವು ವಿಮರ್ಶಕರು ಈ ಬಗ್ಗೆ ಆಕ್ಷೇಪಿಸಿದ್ದರು. ಹೊಸ ಟ್ರ್ಯಾಕಿನಲ್ಲಿ ಹರ್ಮನ್‌ರ ಸಂಗೀತ ಸೊಗಸಾಗಿ ಕೇಳುತ್ತದೆಂಬುದನ್ನು ಅಲ್ಲಗಳೆಯಲಾರೆ, ಸಂಗೀತಕ್ಕಾಗಿ ಇನ್ನೊಮ್ಮೆ ಬೇಕಾದರೆ ಅದನ್ನು ಹಾಕಿ ಕೇಳಿ. ಗೆಳೆಯರಿಗೆ ತೋರಿಸುವಾಗ ಮಾತ್ರ ಡಿಸ್ಕಿನ ಮೆನುವಿನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ ಮೊನೊ ಆಯ್ಕೆ ಮಾಡಿ.

ಸದ್ದಿನ ಕುರಿತೇ ಇನ್ನೊಂದು ಮಾತು. ನಿಮ್ಮ ಹಳೆಯ ಡಿವಿಡಿ ಭಾರತ, ಯುರೋಪುಗಳ ಟಿ.ವಿ.ಗಳಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯದಾಗಿದ್ದರೆ ಸೆಕೆಂಡಿಗೆ 24 ಫ್ರೇಮುಗಳ ಚಿತ್ರ ಅದರಲ್ಲಿ 25ರಂತೆ ಓಡುತ್ತಿರುತ್ತದೆ. 128 ನಿಮಿಷದ ಚಿತ್ರ ಸುಮಾರು 123 ನಿಮಿಷಕ್ಕೆ ಮುಗಿಯುತ್ತದೆ, ಏನನ್ನೂ ಕತ್ತರಿಸಿರುವುದಿಲ್ಲ. ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಏರಿರುತ್ತದೆ. ಹೊಸ ಡಿಸ್ಕಿನಲ್ಲಿ ಸಂಗೀತ ಗಂಭೀರವಾಗಿ, ನಿಧಾನವಾಗಿ ಕೇಳಿಸಿದ್ದರೆ ಅದೇ ಅದರ ನಿಜವಾದ ಶ್ರುತಿ.

ಇನ್ನು ನಿಮ್ಮ ಟಿ.ವಿ. ಅಂಗಡಿಯ ಬೆಳಕಿನಲ್ಲಿ ಗಿರಾಕಿಯನ್ನು ಸೆಳೆಯಲೆಂದು ಕಂಪನಿಯವರು ಇಟ್ಟ ಸೆಟ್ಟಿಂಗ್‌ನಲ್ಲಿಯೇ ಅದು ಇದ್ದರೆ ಮೇಲೆ ಹೇಳಿದ ಇಷ್ಟೂ ಶ್ರಮ ನೀರುಪಾಲು. ವಿವಿಡ್, ಡೈನಮಿಕ್ ಎಂಬ ಹೆಸರಿನ ಮೋಡ್‌ಗಳನ್ನು ಬಿಟ್ಟು ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಸಿನೆಮಾ ಅಥವಾ ಮೂವಿ ಮೋಡ್‌ಗೆ ಬದಲಾಯಿಸಿ. ಬಣ್ಣದ ಉಷ್ಣತೆಯನ್ನು ವಾರ್ಮ್ ಎಂಬುದಕ್ಕೆ ಇಡಿ. ಮೊದಲ ಹತ್ತು ನಿಮಿಷ ಎಲ್ಲ ಹಳದಿಯಾಗಿ ಕಾಣುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಶಾರ್ಪ್‌ನೆಸ್ ತೀರ ಕೆಳಕ್ಕೆ ಇಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಏಕೆಂದರೆ ಮೊದಲನೆಯದು ಗ್ರೇನನ್ನು ಮರಳಿನಂತೆ ಒರಟಾಗಿಸುತ್ತದೆ, ಎರಡನೆಯದು ಅದನ್ನು ಕಲಸಿ ಗಂಜಿ ಮಾಡುತ್ತದೆ. ಚಲನೆಯನ್ನು ನಯಗೊಳಿಸುವ ವ್ಯವಸ್ಥೆಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಅದನ್ನು ಹುಡುಕಿ ನಿಲ್ಲಿಸಿ. ಅದು ಚಾಲೂ ಇದ್ದರೆ ಚಿತ್ರ ಧಾರಾವಾಹಿಯಂತೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೃಶ್ಯಕ್ಕೆ ತಕ್ಕಂತೆ ಬೆಳಕನ್ನು ತಾನೇ ಏರಿಳಿಸುವ ಡೈನಮಿಕ್ ಕಾಂಟ್ರಾಸ್ಟ್ ವ್ಯವಸ್ಥೆಯನ್ನು ಆಫ್ ಮಾಡಿ. ಭೋಜನಶಾಲೆಯ ಗೋಡೆ ಹೊಳಪೇರುವ ಆ ಕ್ಷಣದಲ್ಲಿ ಟಿ.ವಿ. ತನ್ನ ಬುದ್ಧಿಯನ್ನು ಓಡಿಸಿ ಬೆಳಕನ್ನು ಸರಿದೂಗಿಸಿಬಿಟ್ಟರೆ ನಿರ್ದೇಶಕರ ಲೆಕ್ಕಾಚಾರವೇ ಅಳಿಸಿಹೋಗುತ್ತದೆ. ಕಡಿಮೆ ಬೆಲೆಯ ಎಲ್‌ಇಡಿ ಟಿ.ವಿ.ಗಳಲ್ಲಿ ಎಚ್‌ಡಿಆರ್ ಚಿತ್ರ ಮಂಕಾಗಿ ಕಾಣುವುದುಂಟು, ಸೂರ್ಯ ಮುಳುಗಿದ ಮೇಲೆ ಟ್ಯೂಬ್‌ಲೈಟ್ ಆರಿಸಿ ನೋಡುವುದೇ ಅದಕ್ಕೆ ಸುಲಭದ ಉಪಾಯ. ಸಮುದ್ರದ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ ಮಧ್ಯಾಹ್ನ ನೋಡಿ ಬಣ್ಣ ಸರಿಯಿಲ್ಲ ಎಂದರೆ ಡಿಸ್ಕನ್ನು ದೂರಬಾರದು.

ಡಿಸ್ಕಿನ ಆರೈಕೆ ಕಷ್ಟವೇನಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಉದಾಸೀನ ಮಾಡುವಂತಿಲ್ಲ. ಶಿರಸಿಯಲ್ಲಿರುವ ನನಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ ಮಾತ್ರ. ನಿಮಗೆ ಅದರ ಜೊತೆಗೆ ಉಪ್ಪುಗಾಳಿಯೂ ಇದೆ. ಬ್ಲೂ-ರೇ ಮತ್ತು 4ಕೆ ಡಿಸ್ಕುಗಳಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿ.ಮೀ. ಕೆಳಗಿರುತ್ತದೆ, ಡಿವಿಡಿಯಲ್ಲಿ ಅದು 0.6 ಮಿ.ಮೀ. ಆಳದಲ್ಲಿರುತ್ತದೆ. ಗಟ್ಟಿಯಾದ ಲೇಪನವಿದ್ದರೂ ಒರಟು ಬಟ್ಟೆಯಿಂದ ತಿಕ್ಕಬಾರದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು. ಬೂಷ್ಟು ಮೊದಲು ಹಿಡಿಯುವುದು ಪೆಟ್ಟಿಗೆಯೊಳಗಿನ ಕಾಗದಕ್ಕೆ. ಆದ್ದರಿಂದ ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿ, ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಉಪ್ಪುಗಾಳಿಗೆ ಡಿಸ್ಕಿಗಿಂತ ಮೊದಲು ಕೆಡುವುದು ಪ್ಲೇಯರ್. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅದನ್ನು ಸ್ವಲ್ಪ ಹೊತ್ತು ಚಾಲೂ ಇಟ್ಟರೆ ಒಳಗಿನ ತೇವ ಆರುತ್ತದೆ.

ಹಳೆಯ ಡಿವಿಡಿಯನ್ನು ಎಸೆಯುವ ಮೊದಲು ಅದರ ಆಡಿಯೋ ಮೆನುವನ್ನು ಒಮ್ಮೆ ನೋಡಿ. ಮೊನೊ ಟ್ರ್ಯಾಕ್ ಇದ್ದರೆ, 4ಕೆ ಪ್ಲೇಯರ್ ಇಲ್ಲದ ಗೆಳೆಯರಿಗೆ ಕೊಡಲು ಅದು ಯೋಗ್ಯ. ಇಲ್ಲದಿದ್ದರೂ ಮುಂದಿನ ಬಾರಿ ಸೇರಿದಾಗ ಸ್ಮಶಾನದ ದೃಶ್ಯವನ್ನೂ ಭೋಜನಶಾಲೆಯ ದೃಶ್ಯವನ್ನೂ ಎರಡೂ ಡಿಸ್ಕುಗಳಲ್ಲಿ ಹಾಕಿ ತೋರಿಸಿ. ಆದರೆ ಅದಕ್ಕೆ ಮೊದಲು ಚಿತ್ರವನ್ನು ಒಮ್ಮೆ ಪೂರ್ತಿಯಾಗಿ, ನಡುವೆ ಎಲ್ಲಿಯೂ ನಿಲ್ಲಿಸದೆ ನೋಡಿಬಿಡಿ.